ಮೊನೆಯ ಸೂರ್ಯ ಎಲ್ಲಿ ಹೋದ?

ಮೊದಲ ಹತ್ತು ಸೆಕೆಂಡು ನಾನು ಮಾತಾಡಲ್ಲ. ಚಿತ್ರ ನೋಡ್ತಾ ಇರಿ.

ಹ್ಞಾಂ. ಕಣ್ಣು ಸೀದಾ ಆ ಕಿತ್ತಳೆ ಸೂರ್ಯನ ಹತ್ರಾನೇ ಹೋಯ್ತು, ಅಲ್ವಾ? ನಂದೂ ಪ್ರತಿ ಸಲ ಅಲ್ಲಿಗೇ ಹೋಗುತ್ತೆ. ಕ್ಲಾದ್ ಮೊನೆ 1872ರಲ್ಲಿ ಬಿಡಿಸಿದ 'ಇಂಪ್ರೆಷನ್, ಸನ್‌ರೈಸ್' ಇದು. ಫ್ರಾನ್ಸಿನ ಲ ಹಾವ್ರ್ ಬಂದರು, ಬೆಳಗಿನ ಹೊತ್ತು, ಮಂಜು, ಎರಡು ಮೂರು ದೋಣಿ. ಇಷ್ಟು ಹೆಸರು ಮಾಡಿದ ಚಿತ್ರ ಗೋಡೆ ತುಂಬ ಇರುತ್ತೆ ಅಂದ್ಕೊಂಡಿದ್ದೆ. ಅಳತೆ ನೋಡಿದ್ರೆ ಎತ್ತರ 48 ಸೆಂಟಿಮೀಟರ್, ಅಗಲ 63. ಕೇರಂ ಬೋರ್ಡಿಗಿಂತ ಚಿಕ್ಕದು!

ಈಗ ನನ್ನ ಬೆರಳು ನೋಡಿ. ಫೋಟೊ ಎಡಿಟರ್‌ನಲ್ಲಿ ಸ್ಯಾಚುರೇಷನ್ ಅಂತ ಒಂದು ಸ್ಲೈಡರ್ ಇರುತ್ತಲ್ಲ, ಅದನ್ನ ಸೊನ್ನೆಗೆ ಎಳೀತಾ ಇದ್ದೀನಿ. ನೀಲಿ ಹೋಯ್ತು. ಕಿತ್ತಳೆ ಹೋಯ್ತು. ಅದರ ಜೊತೆಗೇ... ಸೂರ್ಯನೂ ಹೋದ. ಹುಡುಕಿದ್ರೆ ಒಂದು ಮಸುಕು ಗುರುತು ಸಿಗಬಹುದು, ಅಷ್ಟೇ. ದೋಣಿ ಮಾತ್ರ ಕಪ್ಪಗೆ ಹಾಗೇ ಕೂತಿದೆ.

ಕಲೆಯ ಮೂಲಾಂಶಗಳು ಅಂತ ಒಂದು ಪಟ್ಟಿ ಇದೆ: ರೇಖೆ, ಆಕಾರ, ರೂಪ, ಬಣ್ಣ, ಛಾಯೆ, ಮೈವಳಿಕೆ (ಮೇಲ್ಮೈ ಒರಟೋ ನುಣುಪೋ ಅನ್ನೋದು), ಅವಕಾಶ (ವಸ್ತುಗಳ ಸುತ್ತಮುತ್ತಲಿನ ಜಾಗ). ನಾನು ಬಾಯಿಪಾಠ ಮಾಡಿದ್ದೆ. ಆದ್ರೆ ಬಣ್ಣ ಬೇರೆ, ಛಾಯೆ ಬೇರೆ ಯಾಕೆ ಅನ್ನೋದು ತಲೆಗೆ ಹೋಗಿದ್ದು ಈ ಸ್ಲೈಡರ್ ಎಳೆದ ದಿನ. ಬಣ್ಣ ಅಂದ್ರೆ ಕೆಂಪೋ ಹಸಿರೋ ಅನ್ನೋದು. ಛಾಯೆ ಅಂದ್ರೆ ಅದು ಎಷ್ಟು ತಿಳಿ, ಎಷ್ಟು ಕಡು ಅನ್ನೋದು. ನಿಜವಾದ ಸೂರ್ಯ ಆಕಾಶಕ್ಕಿಂತ ಎಷ್ಟೋ ಪಟ್ಟು ಪ್ರಖರ. ಮೊನೆ ಮಾತ್ರ ಸೂರ್ಯನಿಗೂ ಹಿಂದಿನ ಬೂದು ಮೋಡಕ್ಕೂ ಹೆಚ್ಚುಕಮ್ಮಿ ಒಂದೇ ಛಾಯೆ ಕೊಟ್ಟು, ಬಣ್ಣ ಒಂದನ್ನೇ ಬದಲಾಯಿಸಿದ್ದಾನೆ.

ಮಾರ್ಗರೆಟ್ ಲಿವಿಂಗ್‌ಸ್ಟೋನ್ ಅಂತ ನರವಿಜ್ಞಾನಿ ಇದಕ್ಕೆ ಕೊಡೋ ವಿವರಣೆ ನಂಗೆ ತುಂಬ ಇಷ್ಟ. ಮಿದುಳಿನಲ್ಲಿ ವಸ್ತು ಎಲ್ಲಿದೆ, ಅಲುಗಾಡ್ತಿದೆಯಾ ಅಂತ ನೋಡೋ ಭಾಗಕ್ಕೆ ಬಣ್ಣ ಗೊತ್ತಾಗಲ್ಲ, ಅದಕ್ಕೆ ಛಾಯೆಯ ವ್ಯತ್ಯಾಸ ಬೇಕು. ಹಾಗಾಗಿ ಮಿದುಳಿನ ಒಂದು ಭಾಗ 'ಅಗೋ ಸೂರ್ಯ' ಅನ್ನುತ್ತೆ, ಇನ್ನೊಂದಕ್ಕೆ ಅಲ್ಲಿ ಏನೂ ಕಾಣ್ಸಲ್ಲ. ಆ ಗೊಂದಲದಲ್ಲೇ ಸೂರ್ಯ ಮಿಡಿದ ಹಾಗೆ, ನಡುಗಿದ ಹಾಗೆ ಅನ್ಸೋದು. ಮೊನೆಗೆ ಈ ವಿಜ್ಞಾನ ಎಲ್ಲಿ ಗೊತ್ತಿತ್ತು? ಕಣ್ಣಿತ್ತು.

ಇನ್ನು ಚಿತ್ರಕಲೆಯ ಪಂಥಗಳ ವಿಷ್ಯ. ಮೊನೆಯ ಪಂಥದ ಹೆಸರು ಇಂಪ್ರೆಷನಿಸಂ. ಹಾಗಂದ ಕೂಡ್ಲೆ ವ್ಯಾಖ್ಯೆ ಹುಡುಕಬೇಡಿ. ಒಂದು ತವರದ ಟ್ಯೂಬ್ ನೆನಪಿಟ್ಕೊಳ್ಳಿ. ಮೊದಲೆಲ್ಲ ಅರೆದ ಎಣ್ಣೆಬಣ್ಣವನ್ನ ಹಂದಿಯ ಮೂತ್ರಕೋಶದ ಚೀಲದಲ್ಲಿ ತುಂಬಿಡ್ತಿದ್ರು. ಚುಚ್ಚಿ ಹಿಂಡಬೇಕು, ಆಮೇಲೆ ತೂತು ಮುಚ್ಚಬೇಕು, ಬಣ್ಣ ಒಣಗಿಹೋಗ್ತಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಅನ್ನೋ ಅಮೆರಿಕದ ಚಿತ್ರಕಾರ ಹಿಂಡಬಹುದಾದ ತವರದ ಟ್ಯೂಬಿಗೆ ಪೇಟೆಂಟ್ ತಗೊಂಡ. ಬಣ್ಣ ಜೋಳಿಗೆಗೆ ಹಾಕ್ಕೊಂಡು ಹೊರಗೆ ಹೋಗೋದು ಸುಲಭ ಆಯ್ತು. ಹೊರಗಡೆ ಬೆಳಕು ನಿಮಗಾಗಿ ಕಾಯುತ್ತಾ? ಬ್ರಷ್ ಅವಸರ ಮಾಡ್ಲೇಬೇಕು. ಈ ನೀರಿನ ಮೇಲಿನ ಗೀಟುಗಳನ್ನ ಝೂಮ್ ಮಾಡ್ತೀನಿ, ನೋಡಿ: ಒಂದೊಂದೂ ಒಂದೇ ಎಳೆತ, ತಿದ್ದಿದ್ದೇ ಇಲ್ಲ.

1874ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನ ಪ್ರದರ್ಶನಕ್ಕೆ ಇಟ್ಟಾಗ ಲೂಯಿ ಲೆರ್ವಾ ಅನ್ನೋ ವಿಮರ್ಶಕ, ಅರೆಬರೆ ವಾಲ್‌ಪೇಪರ್ ಕೂಡ ಇದಕ್ಕಿಂತ ಪೂರ್ತಿಯಾಗಿರುತ್ತೆ ಅಂತ ಗೇಲಿ ಮಾಡಿದ. ಚಿತ್ರದ ಹೆಸರನ್ನೇ ಹಿಡ್ಕೊಂಡು ಇಡೀ ಗುಂಪನ್ನ 'ಇಂಪ್ರೆಷನಿಸ್ಟರು' ಅಂತ ಅಣಕಿಸಿದ. ಬೈಗುಳವೇ ಹೆಸರಾಗಿ ನಿಂತುಬಿಡ್ತು. 1905ರ ಫೋವಿಸಂ ಅನ್ನೋ ಇನ್ನೊಂದು ಪಂಥದ ಕಥೆಯೂ ಅದೇ. ಫೋವ್ ಅಂದ್ರೆ ಕಾಡುಮೃಗ.

ಸರಿ, ಅದೇ ಸ್ಲೈಡರ್, ಇನ್ನೊಂದು ಚಿತ್ರ. ಪಿಕಾಸೊನ 'ಗೆರ್ನಿಕ'. ಎಳೆದೆ. ಏನೂ ಆಗ್ಲಿಲ್ಲ! ತೆಗೆಯೋಕೆ ಬಣ್ಣವೇ ಇಲ್ಲ. ಕಪ್ಪು, ಬಿಳಿ, ಬೂದು. ಸ್ಪೇನಿನ ಅಂತರ್ಯುದ್ಧದ ಹೊತ್ತಲ್ಲಿ, 1937ರ ಏಪ್ರಿಲ್ 26ರಂದು, ಜರ್ಮನಿ, ಇಟಲಿಯ ವಿಮಾನಗಳು ಸ್ಪೇನಿನ ಗೆರ್ನಿಕ ಪಟ್ಟಣದ ಮೇಲೆ ಬಾಂಬ್ ಹಾಕಿದ್ವು. ಪ್ಯಾರಿಸ್‌ನಲ್ಲಿದ್ದ ಪಿಕಾಸೊಗೆ ಸುದ್ದಿ ಮುಟ್ಟಿದ್ದು ಪತ್ರಿಕೆಗಳಿಂದ. ಆ ಕುದುರೆಯ ಮೈ ನೋಡಿ, ಸಣ್ಣ ಸಣ್ಣ ಗೀರುಗಳ ಸಾಲು, ಪತ್ರಿಕೆಯ ಅಚ್ಚಿನ ಹಾಗೇ ಇಲ್ವಾ? ಇದು ಮಾತ್ರ ನಿಜಕ್ಕೂ ಗೋಡೆ ತುಂಬ: ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ.

ಕಲೆಯಿಂದ ಏನು ಉಪಯೋಗ ಅಂತ ಕೇಳ್ತಾರಲ್ಲ, ಅವರಿಗೆ ನಾನು ಹೇಳೋದು ಬೂಟಿನ ಕಥೆ. 1939ರ ಜನವರಿಯಲ್ಲಿ ಈ ಚಿತ್ರ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಗೆ ಬಂದಾಗ, ನೋಡೋಕೆ ಬರೋರು ಸ್ಪೇನಿನ ಗಣರಾಜ್ಯದ ಪರ ಹೋರಾಡೋರಿಗೆ ಒಂದು ಜೊತೆ ಬೂಟು ತರಬೇಕಿತ್ತು. ಈಜಿಪ್ಟಿನ ಸಮಾಧಿಯೊಳಗಿನ ಚಿತ್ರಗಳ ಕೆಲಸ ಇದಕ್ಕೆ ತದ್ವಿರುದ್ಧ. ಬದುಕಿರೋರು ನೋಡ್ಲಿ ಅಂತಲೇ ಬರೆದಿದ್ದಲ್ಲ, ಸತ್ತವರ ಮುಂದಿನ ಬಾಳಿಗೆ.

ಮತ್ತೆ ಮೊನೆ ಹತ್ರ ಬರೋಣ. ಸ್ಲೈಡರ್ ಸೊನ್ನೆಯಲ್ಲಿದೆ. ನಿಧಾನಕ್ಕೆ ಏರಿಸ್ತೀನಿ... ಹತ್ತು... ಹದಿನೈದು... ನಿಮಗೆ ಸೂರ್ಯ ಎಷ್ಟಕ್ಕೆ ಕಾಣಿಸಿದ?