ನಮ್ಮ ಕಣ್ಣಿಗೆ ಮಾತ್ರ ಕಾಣುವ ಬಗ್

ಎಲ್ಲರಿಗೂ ನಮಸ್ಕಾರ.

ಪ್ಲೇಸ್‌ಮೆಂಟ್ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನಿಮ್ಮ ಎಚ್‌ಒಡಿ ಮೇಡಂ ಕೇಳಿದ್ದರು. ರೆಸ್ಯೂಮೆ ಹೇಗಿರಬೇಕು, ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ ಎಂದು ಹೇಳಿಕೊಡುವವರು ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗಿಂತ ಚೆನ್ನಾಗಿಯೇ ಹೇಳುತ್ತಾರೆ. ಹಾಗಾಗಿ ಮೇಡಂ ಹತ್ತಿರ ಮೊದಲೇ ಕ್ಷಮೆ ಕೇಳಿ ಬೇರೆ ವಿಷಯ ತೆಗೆದುಕೊಂಡಿದ್ದೇನೆ.

ಕಾಲೇಜುಗಳಿಗೆ ಹೋದಾಗಲೆಲ್ಲ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ: "ಸಾರ್, ಓಪನ್ ಸೋರ್ಸ್‌ಗೆ ಕೊಡುವಂಥದ್ದು ನನ್ನ ಹತ್ತಿರ ಏನಿದೆ? ಸಿ ಪ್ರೋಗ್ರಾಮೇ ಸರಿಯಾಗಿ ಬರಲ್ಲ." ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್. ನಾನು ತಿರುಗಿ ಕೇಳುವುದು ಇಷ್ಟೇ. ಕನ್ನಡ ಓದಲು ಬರುತ್ತಾ? ಬರುತ್ತದೆ ಅಂದರೆ ಈ ಜಗತ್ತಿನ ಹೆಚ್ಚಿನ ಪ್ರೋಗ್ರಾಮರ್‌ಗಳಿಗೆ ಇಲ್ಲದ ಒಂದು ಸಾಮರ್ಥ್ಯ ನಿಮಗಿದೆ. ತಮಾಷೆ ಮಾಡುತ್ತಿಲ್ಲ. ನನ್ನ ಕೆಲಸದ ಬದುಕು ನಿಂತಿರುವುದೇ ಅದರ ಮೇಲೆ.

ನಾನು ತಿಪಟೂರು ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ಡಿಪ್ಲೊಮಾ, ಅಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ಬಿಇ. ಆಗ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟು ಲಿನಕ್ಸ್‌ನ ಸಿಡಿ ಬೇಕು ಎಂದು ಅವರ ವೆಬ್‌ಸೈಟ್‌ನಲ್ಲಿ ವಿಳಾಸ ತುಂಬಿದರೆ ಸಾಕು, ಮನೆಗೇ ಕಳಿಸುತ್ತಿದ್ದರು. ಶಿಪ್‌ಇಟ್ ಎಂದು ಅದರ ಹೆಸರು. 2005ರಿಂದ 2011ರವರೆಗೆ ನಡೆಯಿತು. ಅಂಚೆ ಖರ್ಚು ಕೂಡ ಅವರದೇ. ಸೈಬರ್ ಸೆಂಟರ್‌ನಲ್ಲಿ ಕೂತು ನಾನೂ ತುಂಬಿದೆ. ಎಷ್ಟೋ ವಾರ ಆದ ಮೇಲೆ ಫಾರಿನ್ನಿಂದ ಒಂದು ಕವರ್ ಬಂತು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎಷ್ಟು ಕಟ್ಟಿದ್ದೀಯ ಇದಕ್ಕೆ?" ಅಂದರು. "ಏನೂ ಇಲ್ಲ ಅಪ್ಪ, ಸುಮ್ನೆ ಕೊಡ್ತಾರೆ" ಅಂದೆ. "ಹಾಗಾದರೆ ಇದರ ದುಡ್ಡು ಯಾರು ಕೊಡ್ತಿದ್ದಾರೆ ಅಂತ ಮೊದಲು ತಿಳ್ಕೊ" ಅಂದರು. ಆಗ ನಗು ಬಂದಿತ್ತು. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಏಕೆಂದರೆ ಅದು ಒಳ್ಳೆಯ ಪ್ರಶ್ನೆ.

ಸಿಡಿ ಹಾಕಿ ಇನ್‌ಸ್ಟಾಲ್ ಮಾಡಿದರೆ ಸೌಂಡ್ ಬರಲಿಲ್ಲ. ಯಾರೋ ಒಬ್ಬರು ಅದೇ ತೊಂದರೆಯನ್ನು ಬಿಡಿಸಿಕೊಂಡು, ಯಾವ ಕಮಾಂಡ್ ಕೊಡಬೇಕು, ಏಕೆ ಕೊಡಬೇಕು ಎಂದು ಬರೆದಿಟ್ಟಿದ್ದರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಕಮಾಂಡ್ ಅಷ್ಟೇ ಕೊಟ್ಟಿದ್ದರೆ ಸೌಂಡ್ ಬರುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. "ಏಕೆ" ಎಂದೂ ಬರೆದಿದ್ದರಿಂದ ಡ್ರೈವರ್ ಅಂದರೇನು, ಕರ್ನಲ್ ಅಂದರೇನು ಎಂದು ಮುಂದೆ ಓದುತ್ತಾ ಹೋದೆ. ಆ ಮನುಷ್ಯ ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮೊದಲ ಮೇಷ್ಟ್ರು ಅವರೇ.

ಮೊದಲ ಕೆಲಸ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ. ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದರು. ಸಾಲದ ಕಂತು ಕಟ್ಟಿ ಎಂದು ರೈತರಿಗೆ ಕನ್ನಡದಲ್ಲಿ ಎಸ್‌ಎಮ್‌ಎಸ್ ಹೋಗಬೇಕು. ಇಂಗ್ಲಿಷಿನಲ್ಲಿ ಒಂದು ಮೆಸೇಜ್‌ಗೆ ಆಗುತ್ತಿದ್ದ ಖರ್ಚು ಕನ್ನಡದಲ್ಲಿ ಮೂರು ಪಟ್ಟು ಆಗುತ್ತಿತ್ತು. ಕನ್ನಡವೇ ಬೇಡ ಎಂದು ಮೀಟಿಂಗ್‌ನಲ್ಲಿ ತೀರ್ಮಾನ ಆಗುವ ಹಂತಕ್ಕೆ ಬಂತು. ಏಕೆ ಹೀಗಾಗುತ್ತದೆ ಎಂದು ನೋಡು ಅಂತ ಹೊಸಬನಾದ ನನಗೆ ಹೇಳಿದರು.

ಒಂದು ಎಸ್‌ಎಮ್‌ಎಸ್‌ನಲ್ಲಿ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತವೆ. ಕನ್ನಡಕ್ಕೆ ಒಂದೊಂದಕ್ಕೂ 16 ಬಿಟ್ ಬೇಕು, ಹಾಗಾಗಿ 70 ಅಷ್ಟೇ. ಮೆಸೇಜ್ ಉದ್ದವಾಗಿ ಎರಡು ತುಂಡಾದರೆ ಜೋಡಿಸುವ ಮಾಹಿತಿಗೂ ಜಾಗ ಬೇಕು, ಆಗ ತುಂಡಿಗೆ 67. ಇನ್ನೂ ಒಂದು ವಿಷಯ ಇದೆ. ಈ 70 ಅನ್ನುವುದು ನಾವು ಶಾಲೆಯಲ್ಲಿ ಎಣಿಸುವ ಅಕ್ಷರ ಅಲ್ಲ. "ಸ್ತ್ರೀ" ಎಂದು ಬರೆದರೆ ನಮಗೆ ಒಂದೇ ಅಕ್ಷರ. ಕಂಪ್ಯೂಟರ್‌ನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ಗೆ ಅದು ಆರು: ಸ, ಆಮೇಲೆ ಸ್ವರ ತೆಗೆಯುವ ಒಂದು ಹಲಂತ ಚಿಹ್ನೆ, ತ, ಮತ್ತೊಂದು ಹಲಂತ, ರ, ಕೊನೆಗೆ ದೀರ್ಘದ ಚಿಹ್ನೆ. ಪೈಥಾನ್‌ನಲ್ಲಿ ಅದರ ಲೆನ್, ಅಂದರೆ ಉದ್ದ, ಕೇಳಿ ನೋಡಿ, 6 ಎನ್ನುತ್ತದೆ. ನಮ್ಮ ಪ್ರೋಗ್ರಾಂ 70 ಎಣಿಸಿ ಕಣ್ಣುಮುಚ್ಚಿ ಕತ್ತರಿಸುತ್ತಿತ್ತು. ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದು, ರೈತರ ಹೆಸರು ಅರ್ಧ ಮೊದಲ ಮೆಸೇಜ್‌ನಲ್ಲಿ, ಅರ್ಧ ಎರಡನೆಯದರಲ್ಲಿ. ಒಕ್ಕಣೆಯನ್ನು ಚಿಕ್ಕದು ಮಾಡಿ, ಕತ್ತರಿಸುವ ಜಾಗವನ್ನು ಪದಗಳ ನಡುವಿಗೆ ತಂದ ಮೇಲೆ ಕನ್ನಡ ಉಳಿಯಿತು.

ಅದಾದ ಮೇಲೆ ರಸೀದಿ. ಪಿಡಿಎಫ್ ಮಾಡಲು ಒಂದು ಪುಟ್ಟ ಓಪನ್ ಸೋರ್ಸ್ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಬಳಸುತ್ತಿದ್ದೆವು. ಅದು "ಕನ್ನಡ"ವನ್ನು "ಕನ್‌ನಡ" ಎಂದು ತೋರಿಸುತ್ತಿತ್ತು. ಮಲ್ಲಿಕಾರ್ಜುನಪ್ಪ ಅನ್ನುವವರು ಮಲ್‌ಲಿಕಾರ್‌ಜುನಪ್‌ಪ ಆಗಿದ್ದರು. ಫಾಂಟ್ ಸರಿ ಇತ್ತು, ಡೇಟಾ ಸರಿ ಇತ್ತು. ತೊಂದರೆ ನಡುವಿನ ಒಂದು ಹಂತದ್ದು. ಅದಕ್ಕೆ ಶೇಪಿಂಗ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಬಂದ ಕ್ರಮದಲ್ಲಿ ಸಾಲಾಗಿ ಇಟ್ಟರೆ ಹೆಚ್ಚುಕಡಿಮೆ ಕೆಲಸ ಮುಗಿಯಿತು. ನಮ್ಮಲ್ಲಿ ಹಾಗಲ್ಲ. "ಕರ್ನಾಟಕ" ಬರೆಯುವಾಗ ರ ಮೊದಲು ಬರುತ್ತದೆ, ಆದರೆ ಅರ್ಕಾವತ್ತಾಗಿ "ನಾ" ಆದ ಮೇಲೆ ಕೂರುತ್ತದೆ. ಯಾವುದು ಕೆಳಗೆ, ಯಾವುದು ಪಕ್ಕಕ್ಕೆ, ಯಾವುದು ಒಟ್ಟಿಗೆ ಎಂದು ಫಾಂಟ್‌ನ ಒಳಗಿನ ನಿಯಮ ಓದಿ ಯಾರಾದರೂ ಜೋಡಿಸಬೇಕು. ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ಲೈಬ್ರರಿ ಈ ಕೆಲಸ ಮಾಡುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನ್‌ನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಸರಿಯಾಗಿ ಕಾಣುವುದು ಅದರಿಂದಲೇ. ನಮ್ಮ ಪಿಡಿಎಫ್ ಲೈಬ್ರರಿ ಅದನ್ನು ಬಳಸುತ್ತಿರಲಿಲ್ಲ.

ಆಗ ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು, ಇದು ತಪ್ಪು ಕನ್ನಡ ಅಂತ ಮಾತ್ರ. ಹಾಗಾಗಿ ಬಗ್ ರಿಪೋರ್ಟ್, ಅಂದರೆ ಸಾಫ್ಟ್‌ವೇರ್‌ನ ತಪ್ಪನ್ನು ಅದನ್ನು ನೋಡಿಕೊಳ್ಳುವವರಿಗೆ ತಿಳಿಸುವ ವರದಿ, ಬರೆದೆ. ಏನು ಟೈಪ್ ಮಾಡಿದೆ, ಏನು ಬರಬೇಕಿತ್ತು, ಏನು ಬಂತು. ಯಾವ ಫಾಂಟ್, ಯಾವ ವರ್ಶನ್. ಎಲ್ಲಕ್ಕಿಂತ ಮುಖ್ಯವಾಗಿ, ತೊಂದರೆಯನ್ನು ತೋರಿಸುವ ಅತಿ ಚಿಕ್ಕ ಪ್ರೋಗ್ರಾಂ. ಎರಡು ಚಿತ್ರಗಳನ್ನೂ ಹಾಕಿದ್ದೆ. ಲೈಬ್ರರಿ ನೋಡಿಕೊಳ್ಳುವವರು ಯುರೋಪಿನವರು. ಅವರ ಉತ್ತರ ಬಂತು: ರಿಪೋರ್ಟ್ ಚೆನ್ನಾಗಿದೆ, ಆದರೆ ಎರಡು ಚಿತ್ರದಲ್ಲಿ ಯಾವುದು ಸರಿ, ಯಾವುದು ತಪ್ಪು?

ಅವರು ಹಾಸ್ಯ ಮಾಡಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನನಗಿಂತ ಹತ್ತು ಪಟ್ಟು ಜಾಣ ಪ್ರೋಗ್ರಾಮರ್. ಅವರ ಕೋಡ್ ಓದಿ ನಾನು ಎಷ್ಟೋ ಕಲಿತಿದ್ದೇನೆ. ಆದರೆ ನಮ್ಮೂರ ಮೂರನೇ ಕ್ಲಾಸಿನ ಮಗು ಥಟ್ಟನೆ ಹಿಡಿಯುವ ತಪ್ಪು ಅವರ ಕಣ್ಣಿಗೆ ಬೀಳಲು ಸಾಧ್ಯವೇ ಇರಲಿಲ್ಲ. ಒತ್ತಕ್ಷರ ಅಂದರೇನು, ಅರ್ಕಾವತ್ತು ಎಲ್ಲಿ ಬರುತ್ತದೆ ಎಂದು ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಹಾರ್ಫ್‌ಬಜ್ ಜೋಡಿಸಿದರು. ಪರೀಕ್ಷೆಗೆ ಪದಗಳು ಬೇಕು ಎಂದಾಗ ನಾನು ಪಟ್ಟಿ ಕೊಟ್ಟೆ: ಸ್ತ್ರೀ, ಲಕ್ಷ್ಮಿ, ಅರ್ಘ್ಯ, ಕೃಷ್ಣ, ಜ್ಞಾನ, ಶಸ್ತ್ರಾಸ್ತ್ರ, ರ‍್ಯಾಂಕ್. ನನ್ನ ಮೊದಲ ಕೊಡುಗೆಯಲ್ಲಿ ಒಂದು ಸಾಲು ಕೋಡ್ ಕೂಡ ಇರಲಿಲ್ಲ.

ಆ ಪಟ್ಟಿಯಲ್ಲಿ ಅತಿ ಜಾಸ್ತಿ ಕಾಟ ಕೊಟ್ಟದ್ದು "ರ‍್ಯಾಂಕ್". ರ, ಹಲಂತ, ಯ ಎಂದು ಸುಮ್ಮನೆ ಟೈಪ್ ಮಾಡಿದರೆ "ಸೂರ್ಯ"ದಲ್ಲಿ ಬರುವ ಹಾಗೆ ಅರ್ಕಾವತ್ತು ಬಂದು "ರ್ಯಾಂಕ್" ಆಗುತ್ತದೆ. ರ ಪೂರ್ತಿ ಉಳಿದು ಯ ಒತ್ತಾಗಬೇಕಾದರೆ, ರ ಆದ ಮೇಲೆ ಝೀರೊ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಚಿಹ್ನೆ ಇರಬೇಕು. ಈಗ ಯಾರೋ ಒಬ್ಬ ಪ್ರೋಗ್ರಾಮರ್ ಇನ್‌ಪುಟ್ ಸ್ವಚ್ಛ ಮಾಡೋಣ ಎಂದು ಕಾಣದ ಚಿಹ್ನೆಗಳನ್ನೆಲ್ಲ ತೆಗೆದುಹಾಕುತ್ತಾನೆ. ಒಳ್ಳೆಯ ಉದ್ದೇಶವೇ. ಆದರೆ ಕನ್ನಡ ಮುರಿಯಿತು. ಹುಡುಕಾಟದಲ್ಲಿ ಇನ್ನೊಂದು ಗೋಳು: ಒಬ್ಬರು ಆ ಚಿಹ್ನೆ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಹಾಕದೆ ಹುಡುಕುತ್ತಾರೆ, ಸಿಗುವುದೇ ಇಲ್ಲ. ಇಂಥ ಬಗ್‌ಗಳು ಇವತ್ತಿಗೂ ಎಷ್ಟೋ ಆ್ಯಪ್‌ಗಳಲ್ಲಿವೆ. ನಾವು ಹೇಳದಿದ್ದರೆ ಯಾರೂ ಸರಿ ಮಾಡುವುದಿಲ್ಲ. ನಾವೇನು ಮಾಡುತ್ತೇವೆ? "ಕನ್ನಡ ಇದರಲ್ಲಿ ಸರಿಯಾಗಿ ಬರಲ್ಲ ಬಿಡಿ" ಎಂದು ಇಂಗ್ಲಿಷಿಗೆ ಹೋಗುತ್ತೇವೆ, ಅಲ್ವಾ?

ಹಾಗೆ ಬಿಟ್ಟುಹೋಗದವರು ನಮ್ಮಲ್ಲಿ ಮೊದಲಿಂದಲೂ ಇದ್ದಾರೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರು ಎಫ್ ಕೀ ಒತ್ತಿ ಒತ್ತಕ್ಷರ ಮೂಡಿಸುತ್ತೀರಲ್ಲ, ಆ ವಿನ್ಯಾಸದ ಹಿಂದೆ ಕೆ.ಪಿ. ರಾವ್ ಅವರ ಯೋಚನೆ ಇದೆ. ಸರ್ಕಾರ ಒಪ್ಪಿಕೊಂಡದ್ದೂ ಅದನ್ನೇ. ಅದೇ ಕೀಲಿಮಣೆ ಇವತ್ತು ಕಗಪ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಲ್ಲಿ ಲಿನಕ್ಸ್‌ನ ಒಳಗೇ ಬರುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಗುಬ್ಬಿ, ನವಿಲು ಎಂಬ ಫಾಂಟ್‌ಗಳು ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಪ್ಯಾಕೇಜ್ ಆಗಿ ಸಿಗುತ್ತವೆ. ಜಗತ್ತಿನ ಯಾವ ಮೂಲೆಯಲ್ಲಿ ಡೆಬಿಯನ್ ಹಾಕಿದರೂ ನಮ್ಮ ಗುಬ್ಬಿ ಕೈಗೆ ಸಿಗುತ್ತದೆ ಎಂದು ನೆನೆದರೆ ನನಗೆ ಈಗಲೂ ಖುಷಿ.

ಕೆಲವು ವರ್ಷ ಕೆಲಸ ಮಾಡಿದ ಮೇಲೆ ಕಲಿತದ್ದನ್ನು ಕನ್ನಡದಲ್ಲಿ ಬರೆಯಲು, ಹೇಳಿಕೊಡಲು ಶುರು ಮಾಡಿದೆ. ಭಾನುವಾರ ಬೆಳಿಗ್ಗೆ ಕೂರುತ್ತೇವೆ. ಸಂಜೆ ಇಟ್ಟರೆ ಊರಿಂದ ಬರುವ ಹುಡುಗಿಯರಿಗೆ ಬಸ್ ಸಿಗುವುದಿಲ್ಲ. ಟೆಕ್ ಮೀಟಪ್ ಮಾಡುವವರು ಮೊದಲು ಬಸ್ಸಿನ ಟೈಮ್ ನೋಡಬೇಕು, ಸ್ಪೀಕರ್ ಆಮೇಲೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಅದರಲ್ಲಿ ಬರುವ ಕಮಿಟ್, ಬ್ರಾಂಚ್ ಎಲ್ಲವೂ ಅದೇ ಹೆಸರಲ್ಲಿ, ವಿವರಣೆ ಮಾತ್ರ ಮನೆಮಾತಲ್ಲಿ. ಇಬ್ಬರ ಬದಲಾವಣೆ ಒಂದೇ ಕಡೆ ಡಿಕ್ಕಿ ಹೊಡೆಯುವ ಮರ್ಜ್ ಕಾನ್‌ಫ್ಲಿಕ್ಟ್ ಏಕೆ ಬರುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿ ತಲೆಯಾಡಿಸುವವರು, ಕನ್ನಡದಲ್ಲಿ ಹೇಳಿದಾಗ ಎದುರು ಪ್ರಶ್ನೆ ಹಾಕುತ್ತಾರೆ. ಎದುರು ಪ್ರಶ್ನೆ ಬಂತು ಅಂದರೆ ಅರ್ಥ ಆಗುತ್ತಿದೆ ಅಂತ.

ಒಂದು ಮಾತು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹ್ಯಾಕ್ಟೋಬರ್‌ಫೆಸ್ಟ್ ಗೊತ್ತಲ್ಲ? ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಒಂದಿಷ್ಟು ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸಿದರೆ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಒಂದು ಯೂಟ್ಯೂಬ್ ವಿಡಿಯೊ ನೋಡಿ ರೀಡ್‌ಮಿ ಫೈಲ್‌ಗೆ "ಅಮೇಝಿಂಗ್ ಪ್ರಾಜೆಕ್ಟ್" ಎಂದು ಸೇರಿಸಿ ಕಳಿಸುವವರ ಕಾಟ ಎಷ್ಟಾಯಿತು ಅಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ಇಡುತ್ತೇವೆ ಎಂದು ಆ ತಿಂಗಳಲ್ಲೇ ನಿಯಮ ಬದಲಿಸಬೇಕಾಯಿತು. ಈಗ ಅದರ ಹೊಸ ಅವತಾರ ಬಂದಿದೆ. ಎಐ ಬರೆದುಕೊಟ್ಟ ಬಗ್ ರಿಪೋರ್ಟನ್ನು ಓದಿಯೂ ನೋಡದೆ ಕಳಿಸುವುದು. ಇಂಟರ್‌ನೆಟ್‌ನಲ್ಲಿ ಡೇಟಾ ತರುವ, ಕಳಿಸುವ ಕರ್ಲ್ ಎಂಬ ಓಪನ್ ಸೋರ್ಸ್ ಸಾಧನ ಮಾಡಿದ ಡೇನಿಯಲ್ ಸ್ಟೆನ್‌ಬರ್ಗ್ ಇಂಥ ರಿಪೋರ್ಟ್‌ಗಳಿಂದ ಬೇಸತ್ತು ಬಹಿರಂಗವಾಗಿಯೇ ಹೇಳಿದ್ದಾರೆ. ಎಐ ಬಳಸಿ, ಬೇಡ ಅನ್ನುವುದಿಲ್ಲ. ಇಂಗ್ಲಿಷ್ ತಿದ್ದಿಸಿಕೊಳ್ಳಿ. ಆದರೆ ನೀವೇ ನಡೆಸಿ ನೋಡದ ಬಗ್ ಅನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ.

ಏಕೆಂದರೆ ಆ ಇನ್ನೊಬ್ಬರು ಹಲವು ಸಲ ಒಬ್ಬಂಟಿ. ಅಪ್ಪನ ಪ್ರಶ್ನೆ ಇಲ್ಲಿಗೆ ಬರುತ್ತದೆ. ಉಬುಂಟು ಸಿಡಿಯ ದುಡ್ಡು ಒಂದು ಕಂಪನಿ ಕೊಡುತ್ತಿತ್ತು. ಆದರೆ ಆ ಸಿಡಿಯ ಒಳಗಿದ್ದ ಎಷ್ಟೋ ಸಣ್ಣ ಪ್ರಾಜೆಕ್ಟ್‌ಗಳ ದುಡ್ಡು ಯಾರೂ ಕೊಡುತ್ತಿರಲಿಲ್ಲ. ಎಕ್ಸ್‌ಝಡ್ ಎಂದು ಫೈಲ್ ಕುಗ್ಗಿಸುವ ಒಂದು ಪ್ರಾಜೆಕ್ಟ್. ಲಿನಕ್ಸ್ ಇರುವಲ್ಲೆಲ್ಲ ಹೆಚ್ಚುಕಡಿಮೆ ಇರುತ್ತದೆ. ಅದನ್ನು ಲಾಸೆ ಕಾಲಿನ್ ಎಂಬುವರು ಬಿಡುವಿನ ಸಮಯದಲ್ಲಿ ನೋಡಿಕೊಳ್ಳುತ್ತಿದ್ದರು. ದಣಿದಿದ್ದರು, ಅದನ್ನು ಬರೆದೂ ಹೇಳಿದ್ದರು. ಸಹಾಯ ಮಾಡುತ್ತೇನೆ ಎಂದು ಜಿಯಾ ಟಾನ್ ಎಂಬ ಹೆಸರಿನ ಒಬ್ಬರು ಬಂದರು. ಎರಡು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಬೇರೆಯವರ ಕಂಪ್ಯೂಟರ್‌ಗೆ ಗುಟ್ಟಾಗಿ ನುಗ್ಗುವ ಕಳ್ಳಬಾಗಿಲು ಸೇರಿಸಿದರು. ಮಾರ್ಚ್ 2024ರಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್, ದೂರದ ಕಂಪ್ಯೂಟರ್‌ಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಅದನ್ನು ಹಿಡಿದರು. ಕೋಡ್ ತೆರೆದಿದ್ದರಿಂದ ಹಿಡಿಯಲು ಆಯಿತು, ನಿಜ. ಆದರೆ ಒಬ್ಬ ಮನುಷ್ಯನ ದಣಿವಿನ ಮೇಲೆ ಇಷ್ಟೆಲ್ಲ ನಿಂತಿರುವುದು ಸರಿಯಲ್ಲ. ನಾಳೆ ನೀವು ಕಂಪನಿ ಸೇರಿ, ಮುಂದೊಂದು ದಿನ ಬಜೆಟ್ ನಿಮ್ಮ ಕೈಗೆ ಬಂದಾಗ, ನಾವು ಬಳಸುವ ಲೈಬ್ರರಿಗಳಿಗೆ ಏನು ಕೊಡುತ್ತಿದ್ದೇವೆ ಎಂದು ಮೀಟಿಂಗ್‌ನಲ್ಲಿ ಕೇಳಿ. ಅಲ್ಲಿಯವರೆಗೆ ಒಂದು ಥ್ಯಾಂಕ್ಸ್ ಬರೆದರೂ ಆಯಿತು. ಅದನ್ನೂ ಬರೆಯುವವರು ಕಡಿಮೆ.

ಲೈಸೆನ್ಸ್ ಬಗ್ಗೆ ಒಂದೇ ವಿಷಯ. ಕೋಡನ್ನು ಕೋಡ್ ಇಡುವ ವೆಬ್‌ಸೈಟ್ ಆದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಹಕ್ಕು ನಿಮ್ಮದೇ, ಬೇರೆಯವರು ತೆಗೆದುಕೊಂಡು ಬಳಸುವಂತಿಲ್ಲ. ಬಳಸಲಿ ಎಂಬ ಆಸೆ ಇದ್ದರೆ ಎಮ್‌ಐಟಿಯೋ ಜಿಪಿಎಲ್ಲೋ ಒಂದನ್ನು ಆರಿಸಿ ಹಾಕಿ. ತಿದ್ದಿ ಹಂಚುವವರೂ ತಮ್ಮ ಕೋಡ್ ತೆರೆದಿಡಲಿ ಎನ್ನುವುದಾದರೆ ಜಿಪಿಎಲ್. ಏನು ಬೇಕಾದರೂ ಮಾಡಿಕೊಳ್ಳಲಿ, ನನ್ನ ಹೆಸರು ಉಳಿಸಿದರೆ ಸಾಕು ಎನ್ನುವುದಾದರೆ ಎಮ್‌ಐಟಿ.

ಇದರಿಂದ ಕೆಲಸ ಸಿಗುತ್ತಾ ಎಂದು ಕೇಳುತ್ತೀರಿ. ನನಗೆ ಎರಡನೇ ಕೆಲಸ ಸಿಕ್ಕಿದ್ದು ಆ ರಸೀದಿಯ ಬಗ್ ರಿಪೋರ್ಟ್‌ನಿಂದ. ಇಂಟರ್‌ವ್ಯೂ ಮಾಡಿದವರು ಅದನ್ನು ಮೊದಲೇ ಓದಿಕೊಂಡು ಬಂದಿದ್ದರು. ಅದರ ಬಗ್ಗೆಯೇ ಮಾತಾಡಿದೆವು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ಕಾಲೇಜಿನ ಹೆಸರು, ಪರ್ಸೆಂಟೇಜ್ ಮಾತ್ರ ನೋಡುವ ಕಂಪನಿಗಳು ಬೇಕಾದಷ್ಟಿವೆ.

ಮಧ್ಯಾಹ್ನ ಎರಡೂವರೆಗೆ ಲ್ಯಾಬ್‌ನಲ್ಲಿ ಕೂರೋಣ. ನಿಮ್ಮ ಫೋನ್‌ನಲ್ಲಿ ಕನ್ನಡ ಮುರಿದು ಕಾಣುವ ಆ್ಯಪ್ ಯಾವುದಾದರೂ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅದು ಓಪನ್ ಸೋರ್ಸ್ ಆಗಿದ್ದರೆ ಅಲ್ಲೇ ಕೂತು ರಿಪೋರ್ಟ್ ಬರೆಯೋಣ. ಆಗಿರದಿದ್ದರೆ ಅವರ ಕಸ್ಟಮರ್ ಕೇರ್‌ಗಾದರೂ ಬರೆಯೋಣ. ಈಗ ಪ್ರಶ್ನೆ ಇದ್ದರೆ ಕೇಳಿ. ಮೈಕ್ ಮೊದಲು ಹಿಂದಿನ ಸಾಲಿಗೆ ಹೋಗಲಿ, ಮುಂದಿನವರು ಹೇಗೂ ಕೇಳ್ತಾರೆ.