ರಿಪ್ಲಿ ಗುಡ್ಡದ ದೀಪ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಓಹಾಯೊ ನದಿಯ ದಡದಲ್ಲಿ ರಿಪ್ಲಿ ಅಂತ ಒಂದು ಪುಟ್ಟ ಊರಿದೆ. ಅಲ್ಲಿನ ಪ್ರೆಸ್ಬಿಟೇರಿಯನ್ ಅನ್ನುವ ಕ್ರೈಸ್ತ ಪಂಥದ ಸಭೆಗೆ 1822ರಲ್ಲಿ ಹೊಸ ಪಾದ್ರಿ ಬಂದರು. ಹೆಸರು ಜಾನ್ ರಾಂಕಿನ್. ಹುಟ್ಟಿದ್ದು ಟೆನೆಸಿಯಲ್ಲಿ. ಗುಲಾಮಗಿರಿ ತಪ್ಪು ಅಂತ ಪ್ರಸಂಗ ಮಾಡಿ ಅಲ್ಲಿ ನೆಲೆ ಸಿಗಲಿಲ್ಲ. ಕೆಂಟಕಿಗೆ ಹೋದರು, ಅಲ್ಲಿಂದ ಹೊಳೆ ದಾಟಿ ಇಲ್ಲಿಗೆ.

ಆಚೆ ದಡ ಕೆಂಟಕಿ. ಅಲ್ಲಿ ಮನುಷ್ಯರನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು. ಈಚೆ ದಡದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ನಡುವೆ ಇದ್ದದ್ದು ನೀರು, ಅಷ್ಟೇ.

ಒಡಹುಟ್ಟಿದ ಥಾಮಸ್ಸೇ ವರ್ಜೀನಿಯಾದಲ್ಲಿ ಗುಲಾಮರನ್ನು ಕೊಂಡ ಸುದ್ದಿ ಬಂತು. ರಾಂಕಿನ್ ಕಾಗದದ ಮೇಲೆ ಕಾಗದ ಬರೆದರು. ಅವು ಊರಿನ ಪತ್ರಿಕೆಯಲ್ಲಿ ಬಂದವು, 1826ರಲ್ಲಿ ಪುಸ್ತಕವೂ ಆದವು. ಕೊನೆಗೆ ಥಾಮಸ್ ಆ ಗುಲಾಮರನ್ನು ಬಿಡುಗಡೆ ಮಾಡಿದರು. ಮನೆಯವರನ್ನು ಒಪ್ಪಿಸುವುದು ಊರನ್ನು ಒಪ್ಪಿಸುವುದಕ್ಕಿಂತ ಕಷ್ಟ, ಅಲ್ವಾ?

ಸಭೆಯೊಳಗೂ ಜಗಳ ತಪ್ಪಲಿಲ್ಲ. ಪ್ರೆಸ್ಬಿಟರ್ ಅಂದರೆ ಹಿರಿಯ. ಈ ಪಂಥದಲ್ಲಿ ಬಿಷಪ್ ಇಲ್ಲ. ಹಿರಿಯರು ಕೂತು ತೀರ್ಮಾನ ಮಾಡುತ್ತಾರೆ. ಗುಲಾಮರ ಒಡೆಯರನ್ನು ಹೊರಗಿಡಲು ಪಂಥದ ದೊಡ್ಡ ಕೂಟಗಳು ಒಪ್ಪಲಿಲ್ಲ. 1847ರಲ್ಲಿ ರಾಂಕಿನ್ ತಾವೇ ಹೊರಬಂದು ಫ್ರೀ ಪ್ರೆಸ್ಬಿಟೇರಿಯನ್ ಚರ್ಚಿನ ಕಡೆ ನಿಂತರು.

ಅವರ ಮನೆ ಗುಡ್ಡದ ತುದಿಯಲ್ಲಿತ್ತು. ಹದಿಮೂರು ಮಕ್ಕಳ ಮನೆ. ರಾತ್ರಿ ಕಿಟಕಿಯಲ್ಲಿ ದೀಪ ಇಡುತ್ತಿದ್ದರು. ಆಚೆ ದಡದಿಂದ ಓಡಿಬಂದ ಗುಲಾಮರಿಗೆ ಅದೇ ಗುರುತು. ಉದ್ದನೆಯ ಮೆಟ್ಟಿಲು ಹತ್ತಿ ಬಂದರೆ ಊಟ, ಒಣ ಬಟ್ಟೆ. ಆಮೇಲೆ ಹುಡುಗರು ಕತ್ತಲಲ್ಲೇ ಅವರನ್ನು ಅಡಗಿಸಿಡುವ ಮುಂದಿನ ಮನೆಗೆ ಮುಟ್ಟಿಸುತ್ತಿದ್ದರು. ಕೆಲವು ವರ್ಷಗಳ ಮೇಲೆ, ಕೆಳಗೆ ಹೊಳೆ ಪಕ್ಕದಲ್ಲಿ ಜಾನ್ ಪಾರ್ಕರ್ ಬಂದು ನೆಲೆಸಿದರು. ಗುಲಾಮನಾಗಿದ್ದು, ದುಡಿದು ತನ್ನನ್ನೇ ಕೊಂಡುಕೊಂಡ ಕಬ್ಬಿಣ ಎರಕದವರು. ಎಷ್ಟೋ ರಾತ್ರಿ ದೋಣಿ ತಗೊಂಡು ಆಚೆಗೇ ಹೋಗಿ ಜನರನ್ನು ಕರೆತಂದರು. ನನ್ನನ್ನು ಕೇಳಿದರೆ, ಪಾದ್ರಿಗಿಂತ ಜಾಸ್ತಿ ಎದೆಗಾರಿಕೆ ಇವರದ್ದೇ.

1838ರ ಚಳಿಗಾಲದ ಒಂದು ಕಥೆಯನ್ನು ರಾಂಕಿನ್ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಹೊಳೆ ಹೆಪ್ಪುಗಟ್ಟಿತ್ತು, ಆದರೆ ಮಂಜುಗಡ್ಡೆ ಕರಗಲು ಶುರುವಾಗಿತ್ತು. ಒಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ಅದರ ಮೇಲೆ ಕಾಲಿಟ್ಟಳು. ಕುಸಿದಾಗ ಕೂಸನ್ನು ಮುಂದಿನ ಗಡ್ಡೆ ಮೇಲೆ ಇಟ್ಟು ತಾನು ಹತ್ತಿದಳು. ಮತ್ತೆ ಕುಸಿದಳು, ಮತ್ತೆ ಹತ್ತಿದಳು. ಈಚೆ ದಡದಲ್ಲಿ, ಓಡಿಬಂದವರನ್ನು ಹಿಡಿದು ದುಡ್ಡು ಮಾಡುವವನೊಬ್ಬ ಕಾದಿದ್ದ. ಅವನೇ ಅವಳನ್ನು ಕೈ ಹಿಡಿದು ಮೇಲೆಳೆದು, ಗುಡ್ಡದ ದೀಪ ತೋರಿಸಿದ.

ಅವಳು ಬೆಳಗಾಗುವ ಮೊದಲೇ ಮುಂದಕ್ಕೆ ಹೊರಟಳು. ಮೂರು ವರ್ಷದ ಮೇಲೆ ಅದೇ ಮನೆಗೆ ಮತ್ತೆ ಬಂದಳು, ಆಚೆ ದಡದಲ್ಲಿ ಉಳಿದಿದ್ದ ಮಕ್ಕಳನ್ನು ಕರೆದೊಯ್ಯಲು.