"ನಮ್ಮ ಮನ್ಯಾಗ ಎಲ್ಲಾರೂ ಗಿಡ್ಡ ರೀ"

ನಮಸ್ಕಾರ. ಪುಣೆಯ ಹಡಪ್ಸರ್ ಕಡೆ ಒಂದು ಕಟ್ಟಡದ ಸೈಟ್. ಯಾದಗಿರಿಯಿಂದ ದುಡಿಯಲು ಬಂದ ತಾಯಿಯೊಬ್ಬರ ಜೊತೆ ಮಾತಾಡುತ್ತಿದ್ದೆ. ಅವರ ಮಗಳಿಗೆ ಎರಡು ವರ್ಷ. ನೋಡಿದರೆ ವರ್ಷದ ಕೂಸು ಅನ್ನಬೇಕು. "ಅಂಗನವಾಡ್ಯಾಗ ತೋರ್ಸೀರೇನ್ರಿ?" ಅಂದೆ. "ಅಕ್ಕಾರ, ಏನೂ ಆಗಿಲ್ರಿ. ನಮ್ಮ ಮನ್ಯಾಗ ಎಲ್ಲಾರೂ ಗಿಡ್ಡ ರೀ" ಅಂದರು.

ಅದು ನಿಜವಾ? ಇವತ್ತು ಅದನ್ನೇ ನೋಡೋಣ.

[ತೆರೆಯ ಮೇಲೆ: ಅಳತೆಪಟ್ಟಿ]

ಲೆಕ್ಕ ಬೇಗ ಹೇಳಿಬಿಡುತ್ತೇನೆ. ಎರಡು ವರ್ಷದ ಹೆಣ್ಣುಮಗು ಸುಮಾರು 86 ಸೆಂ.ಮೀ. ಇರಬೇಕು. 79ಕ್ಕೂ ಕಡಿಮೆ ಇದ್ದರೆ ಬೆಳವಣಿಗೆ ಕುಂಠಿತ ಅಂತ.

ಈ 86 ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ತುಂಬಾ ಇಷ್ಟವಾದ ಕಥೆ ಇದು. 1997ರಿಂದ 2003ರವರೆಗೆ ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆಯಿತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಮತ್ತೆ ನಮ್ಮ ದಕ್ಷಿಣ ದೆಹಲಿ. ಎಲ್ಲರೂ ಎದೆಹಾಲು ಕುಡಿದವರು. ಮನೆಯಲ್ಲಿ ಊಟಕ್ಕೆ, ಔಷಧಕ್ಕೆ ಕೊರತೆ ಇಲ್ಲದವರು. ದೆಹಲಿಯ ಮಗು, ನಾರ್ವೆಯ ಮಗು ಹೆಚ್ಚುಕಡಿಮೆ ಒಂದೇ ಥರ ಬೆಳೆದವು! ಮಕ್ಕಳ ಉದ್ದದಲ್ಲಿ ಕಂಡ ಒಟ್ಟು ವ್ಯತ್ಯಾಸದಲ್ಲಿ ಊರು ಬೇರೆ ಅನ್ನೋದರ ಪಾಲು ಬರೀ ಶೇ. 3. ಹೊಟ್ಟೆ ತುಂಬಿದ ಮಗು ಎಲ್ಲಿದ್ದರೂ ಬೆಳೆಯುತ್ತದೆ.

ಈಗ ನಮ್ಮ ದೇಶದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ತೀರಾ ಬಡ ಮನೆಗಳಲ್ಲಿ ನೂರಕ್ಕೆ 46 ಮಕ್ಕಳ ಬೆಳವಣಿಗೆ ಕುಂಠಿತ. ತುಂಬಾ ಅನುಕೂಲಸ್ಥರಲ್ಲಿ 23. ಅಪ್ಪ-ಅಮ್ಮನ ಎತ್ತರಕ್ಕೂ ಸಂಬಂಧ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ತಾಯಿಯೂ ಒಂದು ಕಾಲಕ್ಕೆ ಅರೆಹೊಟ್ಟೆಯ ಕೂಸೇ ಆಗಿದ್ದಿರಬಹುದು, ಅಲ್ವಾ?

ಅವರ ದಿನ ಹೇಗಿದೆ ಗೊತ್ತಾ? ಬೆಳಗ್ಗೆ ಎಂಟಕ್ಕೆ ಕೆಲಸ. ಮಗುವಿಗೆ ಚಹಾದಲ್ಲಿ ಅದ್ದಿದ ಬಿಸ್ಕಿಟ್. ಮಧ್ಯಾಹ್ನ ಒಂದು ತುತ್ತು ಅನ್ನ. ಆಮೇಲೆ ರಾತ್ರಿಯೇ. ಆ ವಯಸ್ಸಿನ ಮಗುವಿಗೆ ಸಲಕ್ಕೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು-ನಾಲ್ಕು ಊಟ ಬೇಕು, ಮೇಲೆ ಬೇಳೆ, ಮೊಟ್ಟೆ, ಹಣ್ಣು. ಉಣಿಸಲು ತಾಯಿ ಪಕ್ಕದಲ್ಲಿರಬೇಕು. ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. ನನಗೆ ತುಂಬಾ ನೋವಾಗಿದ್ದು ಇದಕ್ಕೇ. ಪ್ರೀತಿಗೆ ಅಲ್ಲಿ ಒಂಚೂರೂ ಕೊರತೆ ಇಲ್ಲ.

ಟೈಮ್ ಆಗ್ತಾ ಇದೆ, ಉಳಿದದ್ದು ಒಟ್ಟಿಗೆ ಹೇಳುತ್ತೇನೆ. ಕೆಟ್ಟ ನೀರಿಂದ ಮೇಲಿಂದ ಮೇಲೆ ಭೇದಿಯಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಊಟದ ಜೊತೆ ಚಹಾ ಕೊಟ್ಟರೆ ಕಬ್ಬಿಣಾಂಶ ಸರಿಯಾಗಿ ಸೇರುವುದಿಲ್ಲ. ಇನ್ನೊಂದು, 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯ ಆಹಾರ ಹಕ್ಕು. ಪುಕ್ಕಟೆ. ಸುಮ್ನೆ ಬಿಡಬೇಡಿ.

ಮರಾಠಿ ಬರಲ್ಲ ಅಂತ ಆ ತಾಯಿ ಅಂಗನವಾಡಿಗೆ ಹೋಗಲು ಹಿಂಜರಿಯುತ್ತಿದ್ದರು. ಸೋಮವಾರ ನಾನು ಜೊತೆಗೆ ಹೋಗುತ್ತಿದ್ದೇನೆ.